ಡೆಫಿನಿಟ್ ಇಂಟಿಗ್ರಲ್ ಅಂದ್ರೆ ಏರಿಯಾ ಆದ್ರೆ ಉತ್ತರ ಮೈನಸ್ 2 ಹೇಗೆ ಬರತ್ತೆ?

ಹಾಸನದ_ಹುಡುಗಿ_ಪಿಸಿಎಂಬಿ:

ನಮಸ್ಕಾರ ಎಲ್ಲರಿಗೂ. ನಾನು ಸೆಕೆಂಡ್ ಪಿಯು ಸೈನ್ಸ್. ಇಂಡೆಫಿನಿಟ್ ಎಲ್ಲಾ ಮುಗಿದು ಈಗ ಡೆಫಿನಿಟ್ ಇಂಟಿಗ್ರಲ್ ನಡೀತಿದೆ. ಲೆಕ್ಕ ಮಾಡಕ್ಕೇನೋ ಬರತ್ತೆ, ಆಂಟಿಡೆರಿವೇಟಿವ್ ಕಂಡುಹಿಡಿ, ಮೇಲಿನ ಲಿಮಿಟ್ ಹಾಕು, ಕೆಳಗಿನ ಲಿಮಿಟ್ ಹಾಕು, ಕಳಿ, ಮುಗೀತು. ಆದ್ರೆ ನಾನು ಏನನ್ನ ಲೆಕ್ಕ ಮಾಡ್ತಿದೀನಿ ಅನ್ನೋದೇ ತಲೆಗೆ ಹೋಗ್ತಿಲ್ಲ. ಕೇಳಿದ್ರೆ ಎಲ್ಲರೂ ಹೇಳೋದು ಒಂದೇ, ಏರಿಯಾ ಅಂಡರ್ ದಿ ಕರ್ವ್ ಅಂತ.

ಈಗ ನನ್ನ ಡೌಟ್ ನೋಡಿ. (ಸಿಂಬಲ್ ಟೈಪ್ ಮಾಡಕ್ಕಾಗ್ತಿಲ್ಲ, ಕ್ಲಾಸಲ್ಲಿ ಬಾಯಲ್ಲಿ ಹೇಳೋ ತರಾನೇ ಬರೀತೀನಿ.) 1 ಬೈ ಎಕ್ಸ್ ಸ್ಕ್ವೇರ್ ತಗೊಂಡು ಮೈನಸ್ 1 ಇಂದ 1 ರವರೆಗೆ ಇಂಟಿಗ್ರೇಟ್ ಮಾಡಿದೆ. ಆಂಟಿಡೆರಿವೇಟಿವ್ ಮೈನಸ್ 1 ಬೈ ಎಕ್ಸ್. ಎಕ್ಸ್ ಜಾಗಕ್ಕೆ 1 ಹಾಕಿದ್ರೆ ಮೈನಸ್ 1, ಮೈನಸ್ 1 ಹಾಕಿದ್ರೆ ಪ್ಲಸ್ 1, ಕಳೆದ್ರೆ ಮೈನಸ್ 2. ಆದ್ರೆ ಈ ಗ್ರಾಫ್ ಪೂರ್ತಿ ಎಕ್ಸ್ ಆಕ್ಸಿಸ್ ಮೇಲೇ ಇರತ್ತೆ, ಒಂದು ಪಾಯಿಂಟ್ ಕೂಡ ಕೆಳಗೆ ಹೋಗಲ್ಲ, ಸ್ಕ್ವೇರ್ ಅಲ್ವಾ. ಎಲ್ಲಾ ಮೇಲೇ ಇದ್ರೆ ಏರಿಯಾ ನೆಗೆಟಿವ್ ಹೇಗೆ ಆಗತ್ತೆ?

ಇನ್ನೊಂದು, ಸೈನ್ ಎಕ್ಸ್‌ನ 0 ಇಂದ 2 ಪೈ ವರೆಗೆ ಮಾಡಿದ್ರೆ ಸೊನ್ನೆ ಬರತ್ತೆ. ಚಿತ್ರ ಬರೆದ್ರೆ ಎರಡು ಗುಡ್ಡ ಕಣ್ಣಿಗೆ ಕಾಣ್ತಿದೆ, ಮೇಲೊಂದು ಕೆಳಗೊಂದು, ಏರಿಯಾ ಸೊನ್ನೆ ಅಂದ್ರೆ ಹೇಗೆ ಒಪ್ಪೋದು.

ಕೊನೇದು, ಇದಕ್ಕೆ ಉತ್ತರ ಸಿಕ್ರೆ ಸಾಕು ಅನ್ಸತ್ತೆ: ಡಿಫರೆನ್ಷಿಯೇಷನ್ ಉಲ್ಟಾ ಮಾಡಿದ್ರೆ ಏರಿಯಾ ಯಾಕೆ ಬರ್ಬೇಕು? ಸ್ಲೋಪ್‌ಗೂ ಏರಿಯಾಗೂ ಏನು ಸಂಬಂಧ? ಎಫ್ ಆಫ್ ಬಿ ಮೈನಸ್ ಎಫ್ ಆಫ್ ಎ ಅಂತ ಫಾರ್ಮುಲಾ ಬಾಯಿಪಾಠ ಇದೆ, ಯಾಕೆ ಅಂತ ಗೊತ್ತಿಲ್ಲದೆ ಬರೆಯಕ್ಕೆ ಮನಸ್ಸು ಒಪ್ತಿಲ್ಲ.

ಗಣಿತ_ಮಾಸ್ತರ_ಧಾರವಾಡ:

ತಂಗಿ, ಭಾಳ ಚಲೋ ಪ್ರಶ್ನಿ. ನಿನ್ನ ಮೂರೂ ಡೌಟಿನ ಬುಡ ಒಂದ ಐತಿ. ಡೆಫಿನಿಟ್ ಇಂಟಿಗ್ರಲ್ ಅಂದ್ರ ಮೂಲದಾಗ ಒಂದು ಮೊತ್ತ, ಕೂಡಿಸೂದು. ಆಂಟಿಡೆರಿವೇಟಿವ್ ಆಮ್ಯಾಲ ಬಂದ ಒಳದಾರಿ. ಆ ದಾರಿ ಭಾಳ ಸಲ ಸರಿಯಾಗಿ ಒಯ್ದು ಮುಟ್ಟಸ್ತೈತಿ, ಆದ್ರ ಅದಕ್ಕ ಕಂಡೀಷನ್ ಅದಾವ. ಎನ್‌ಸಿಇಆರ್‌ಟಿ ಪುಸ್ತಕದ ಹೊಸ ಆವೃತ್ತಿಯೊಳಗ ಲಿಮಿಟ್ ಆಫ್ ಎ ಸಮ್ ಅನ್ನೋ ಭಾಗ ತಗದಾರ, ಅದಕ್ಕ ಈಗಿನ ಹುಡುಗರಿಗೆ ಮೊತ್ತ ಕಾಣೂದ ಇಲ್ಲ, ಸೀದಾ ಫಾರ್ಮುಲಾ. ಹೊರಿ ಕಡಿಮಿ ಆತು ಅಂತ ಮಂದಿ ಅಂತಾರ, ನನಗ ಮಾತ್ರ ಅದು ದೊಡ್ಡ ನಷ್ಟ ಅನ್ನಸ್ತೈತಿ.

ಎಕ್ಸ್ ಸ್ಕ್ವೇರ್ ತಗೋ, 0 ಇಂದ 1 ರ ತನಕ. ಆ ಉದ್ದಾನ 10 ಸಮಭಾಗ ಮಾಡು, ಒಂದೊಂದು ಪಟ್ಟಿ ಅಗಲ 0.1. ಪ್ರತಿ ಪಟ್ಟಿಗೂ ಬಲಗಡೆ ತುದಿಯ ಎತ್ತರ ಹಿಡಿದ್ರ ಪಟ್ಟಿ ಕರ್ವ್‌ಗಿಂತ ಸ್ವಲ್ಪ ಮ್ಯಾಲ ಹೋಗ್ತಾವ, ಎಲ್ಲಾ ಕೂಡಿಸಿದ್ರ 0.385. ಎಡಗಡೆ ತುದಿ ಹಿಡಿದ್ರ ಕೆಳಗ ಉಳೀತಾವ, ಮೊತ್ತ 0.285. ಅಂದ್ರ ನಿಜವಾದ ಏರಿಯಾ ಇವೆರಡರ ನಡುವ ಎಲ್ಲೋ ಐತಿ. ಈಗ 100 ಪಟ್ಟಿ ಮಾಡು, ಮ್ಯಾಲಿಂದು 0.33835, ಕೆಳಗಿಂದು 0.32835. ಅಂತರ 0.1 ಇದ್ದದ್ದು 0.01 ಆತು. 1000 ಮಾಡಿದ್ರ 0.001. ಎರಡೂ ಕಡೆಯಿಂದ ಒತ್ತಿಕೊಂತ ಹೋದ್ರ ನಡುವ ಉಳಿಯೂದು ಒಂದ ಸಂಖ್ಯಾ, 1 ಬೈ 3. ಅದು ಡೆಫಿನಿಟ್ ಇಂಟಿಗ್ರಲ್. ಇಲ್ಲಿ ತನಕ ಎಲ್ಲೂ ಡಿಫರೆನ್ಷಿಯೇಷನ್ ಬಂದಿಲ್ಲ ನೋಡು, ಬರೇ ಅಗಲ ಗುಣಿಸು ಎತ್ತರ, ಕೂಡಿಸು, ಪಟ್ಟಿ ತೆಳ್ಳಗ ಮಾಡು. 1 ಸ್ಕ್ವೇರ್, 2 ಸ್ಕ್ವೇರ್, 3 ಸ್ಕ್ವೇರ್ ಹಿಂಗ ಎನ್ ತನಕ ಕೂಡಿಸೋ ಸೂತ್ರ ಬೇಕಾಗ್ತೈತಿ, ಆ ಸೂತ್ರ ನಮ್ಮ ಆರ್ಯಭಟ 499ರಾಗ ಕೊಟ್ಟಾನ.

ಎರಡನೇದು, ಸೈನ್ ಎಕ್ಸ್. ಪಟ್ಟಿಯ ಎತ್ತರ ಅಂದ್ರ ಎಫ್ ಆಫ್ ಎಕ್ಸ್‌ನ ಬೆಲೆ, ಅದಕ್ಕ ಚಿಹ್ನೆ ಐತಿ. ಕರ್ವ್ ಕೆಳಗ ಇಳಿದಲ್ಲಿ ಎತ್ತರ ನೆಗೆಟಿವ್, ಅಗಲ ಯಾವಾಗ್ಲೂ ಪಾಸಿಟಿವ್, ಗುಣಿಸಿದ್ರ ನೆಗೆಟಿವ್. 0 ಇಂದ ಪೈ ತನಕ 2 ಬರ್ತೈತಿ, ಪೈ ಇಂದ 2 ಪೈ ತನಕ ಮೈನಸ್ 2, ಕೂಡಿಸಿದ್ರ ಸೊನ್ನೆ. ಚಿತ್ರದಾಗ ನಿನಗ ಕಾಣೋ ಜಾಗ 4, ಅದು ಬೇಕಂದ್ರ ಮಾಡುಲಸ್ ಹಾಕಿ, ಪೈ ಹತ್ರ ಕಟ್ ಮಾಡಿ, ಬ್ಯಾರೆ ಬ್ಯಾರೆ ಮಾಡಬೇಕು. ಇದು ಕೊರತೆ ಅಲ್ಲ, ಇದರಿಂದ ಉಪಯೋಗ ಐತಿ. ಫಿಸಿಕ್ಸ್‌ನಾಗ ವೆಲಾಸಿಟಿ ಇಂಟಿಗ್ರೇಟ್ ಮಾಡ್ತೀರಿ. ಒಂದು ಗಾಡಿ ನೇರ ರಸ್ತೆದಾಗ ತಾಸಿಗೆ 40 ಕಿಲೋಮೀಟರ್‌ನಂಗ 2 ತಾಸು ಮುಂದ ಹೋಗಿ, ಅದ ವೇಗದಾಗ 2 ತಾಸು ವಾಪಸ್ ಬಂದ್ರ ವೆಲಾಸಿಟಿಯ ಇಂಟಿಗ್ರಲ್ 80 ಕಳಿ 80, ಸೊನ್ನೆ, ಅದು ಡಿಸ್‌ಪ್ಲೇಸ್‌ಮೆಂಟ್. ಮಾಡುಲಸ್ ಹಾಕಿದ್ರ 160, ಅದು ಓಡಿದ ದೂರ. ಎರಡೂ ಖರೇ ಉತ್ತರ, ಪ್ರಶ್ನಿ ಬ್ಯಾರೆ ಅಷ್ಟ.

ಈಗ ನಿನ್ನ ಮುಖ್ಯ ಪ್ರಶ್ನಿ, ಸ್ಲೋಪಿಗೂ ಏರಿಯಾಕ್ಕೂ ಏನು ಸಂಬಂಧ. ಎ ಅನ್ನೋ ಜಾಗದಿಂದ ಎಕ್ಸ್ ತನಕ ಇರೋ ಏರಿಯಾಕ್ಕ ಒಂದು ಹೆಸರು ಇಡು, ಎಸ್ ಆಫ್ ಎಕ್ಸ್. ಎಕ್ಸ್ ಬಲಕ್ಕ ಸರದಂಗ ಇದು ಬದಲಾಗ್ತೈತಿ, ಅಂದ್ರ ಇದೂ ಒಂದು ಫಂಕ್ಷನ್. ಎಕ್ಸ್‌ನ ಸಣ್ಣ ಎಚ್ ಅಷ್ಟು ಮುಂದ ಸರಸು. ಹೊಸದಾಗಿ ಕೂಡಿಕೊಂಡದ್ದು ಎಷ್ಟು? ಒಂದು ತೆಳು ಪಟ್ಟಿ, ಅಗಲ ಎಚ್, ಎತ್ತರ ಹೆಚ್ಚೂಕಡಿಮಿ ಎಫ್ ಆಫ್ ಎಕ್ಸ್. ಏರಿಯಾದೊಳಗ ಆದ ಏರಿಕೆನ ಎಚ್ ಇಂದ ಭಾಗಿಸಿದ್ರ ಉಳಿಯೂದು ಎಫ್ ಆಫ್ ಎಕ್ಸ್, ಎಚ್ ಸೊನ್ನೆ ಕಡೆ ಹೋದಂಗ ಆ ಹೆಚ್ಚೂಕಡಿಮಿ ಅನ್ನೋದೂ ಹೋಗ್ತೈತಿ. ಅಂದ್ರ ಎಸ್‌ನ ಡೆರಿವೇಟಿವ್ ಎಫ್. ಏರಿಯಾ ಎಷ್ಟು ಜೋರಾಗಿ ಬೆಳೀತೈತಿ ಅನ್ನೋದನ್ನ ಆ ಜಾಗದ ಎತ್ತರ ಹೇಳ್ತೈತಿ, ಇಷ್ಟ ಸಂಬಂಧ.

ನೀ ಕಂಡುಹಿಡಿಯೋ ಆಂಟಿಡೆರಿವೇಟಿವ್ ದೊಡ್ಡ ಎಫ್, ಅದರ ಡೆರಿವೇಟಿವ್ ಸೈತ ಅದ. ಎರಡು ಫಂಕ್ಷನ್ನಿನ ಡೆರಿವೇಟಿವ್ ಒಂದ ಆದ್ರ ಅವುಗಳ ನಡುವಿನ ಅಂತರ ಬರೇ ಒಂದು ಕಾನ್‌ಸ್ಟಂಟ್. ಎ ಹತ್ರ ಎಸ್ ಸೊನ್ನೆ, ಯಾಕಂದ್ರ ಇನ್ನೂ ಏನೂ ಕೂಡಿಲ್ಲ. ಹಂಗಾಗಿ ಎಸ್ ಆಫ್ ಬಿ ಅಂದ್ರ ದೊಡ್ಡ ಎಫ್ ಆಫ್ ಬಿ ಮೈನಸ್ ದೊಡ್ಡ ಎಫ್ ಆಫ್ ಎ. ಪ್ಲಸ್ ಸಿ ಯಾಕ ಹಾಕೂದಿಲ್ಲ ಅನ್ನೋದಕ್ಕೂ ಇದ ಉತ್ತರ, ಕಳಿಯೋವಾಗ ಅದು ತಾನ ಹೋಗ್ತೈತಿ.

ಒಂದು ಮಾತು ಸರಿಯಾಗಿ ಗಮನಿಸು. ಮ್ಯಾಲಿನ ಮಾತಿನೊಳಗ ತೆಳು ಪಟ್ಟಿಯ ಎತ್ತರ ಹೆಚ್ಚೂಕಡಿಮಿ ಎಫ್ ಆಫ್ ಎಕ್ಸ್ ಅಂದ್ನೆಲ್ಲ, ಅದು ನಡೀಬೇಕಂದ್ರ ಎ ಇಂದ ಬಿ ತನಕ ಫಂಕ್ಷನ್ ಎಲ್ಲೂ ಹರೀಬಾರದು, ಕಂಟಿನ್ಯೂಯಸ್ ಇರಬೇಕು. ನಿನ್ನ 1 ಬೈ ಎಕ್ಸ್ ಸ್ಕ್ವೇರ್ 0 ಹತ್ರ ಏನಾಗ್ತೈತಿ ನೋಡು. 18ನೇ ಶತಮಾನದ ಯುರೋಪಿನೊಳಗ ದೊಡ್ಡ ದೊಡ್ಡ ಗಣಿತಜ್ಞರೂ ಇಂಟಿಗ್ರಲ್ ಅಂದ್ರ ಡಿಫರೆನ್ಷಿಯೇಷನ್‌ದು ಉಲ್ಟಾ ಅಂತನ ಹೆಚ್ಚಾಗಿ ಹಿಡಿದಿದ್ರು, 1823ರಾಗ ಫ್ರಾನ್ಸಿನ ಕೋಶಿ ಅದನ್ನ ಮತ್ತ ಮೊತ್ತದ ಮ್ಯಾಲ ನಿಲ್ಲಿಸಿದ, ಕಂಟಿನ್ಯೂಯಸ್ ಫಂಕ್ಷನ್ನಿಗೆ. 1854ರಾಗ ಜರ್ಮನಿಯ ರೀಮನ್ ಇನ್ನೂ ವಿಸ್ತಾರ ಮಾಡಿದ. ನಿನಗ ಬಂದ ಡೌಟು ಅವರ ಕಾಲದ ಡೌಟ ಆಗಿತ್ತು.

ಕೋಡ್_ಬರೆಯೋನು_ಮೈಸೂರು:

ಮಾಸ್ತರ್ ತುಂಬಾ ಚೆನ್ನಾಗಿ ಹೇಳಿದಾರೆ, ನಾನು ಆ ಮೈನಸ್ 2 ವಿಷಯ ಮಾತ್ರ ಮುಂದುವರಿಸ್ತೀನಿ, ಯಾಕಂದ್ರೆ ಇದನ್ನ ಸಂಖ್ಯೆ ಹಾಕಿ ನೋಡಿದ್ರೆ ಮತ್ತೆ ಮರೆಯಲ್ಲ.

1 ಬೈ ಎಕ್ಸ್ ಸ್ಕ್ವೇರ್‌ನ 0 ಇಂದ 1 ರವರೆಗೆ ಮಾತ್ರ ತಗೊಳ್ಳಿ, ಬಲಗಡೆ ಅರ್ಧ. ಪಟ್ಟಿ ಮಾಡಿ, ಪ್ರತಿ ಪಟ್ಟಿಗೂ ಬಲತುದಿಯ ಎತ್ತರ ಹಾಕಿ. ಈ ಕರ್ವ್ ಬಲಕ್ಕೆ ಹೋಗ್ತಾ ಇಳಿಯತ್ತಲ್ವಾ, ಹಾಗಾಗಿ ಬಲತುದಿ ಹಿಡಿದ್ರೆ ಪಟ್ಟಿ ಕರ್ವ್‌ಗಿಂತ ಕೆಳಗೇ ಉಳಿಯತ್ತೆ, ಅಂದ್ರೆ ನಾವು ಕಮ್ಮಿನೇ ಲೆಕ್ಕ ಮಾಡ್ತಿದೀವಿ. ಪೈಥಾನ್‌ನಲ್ಲಿ ನಾಲ್ಕು ಲೈನ್ ಸಾಕು. 10 ಪಟ್ಟಿಗೆ ಮೊತ್ತ 15.5, 100 ಪಟ್ಟಿಗೆ 163.5, 1000 ಪಟ್ಟಿಗೆ 1643.9. ಎಕ್ಸ್ ಸ್ಕ್ವೇರ್‌ಗೆ ಮೊತ್ತ ಒಂದು ಕಡೆ ಬಂದು ನಿಲ್ತು, ಇದು ಪಟ್ಟಿ ತೆಳ್ಳಗಾದಷ್ಟೂ ಹತ್ತು ಹತ್ತು ಪಟ್ಟು ಏರ್ತಾನೇ ಹೋಗತ್ತೆ. ಯಾಕೆ ಅಂತ ಪೇಪರಲ್ಲೂ ನೋಡ್ಬಹುದು: ಎನ್ ಪಟ್ಟಿ ಮಾಡಿದ್ರೆ ಮೊದಲನೇ ಪಟ್ಟಿಯ ಅಗಲ 1 ಬೈ ಎನ್, ಅದರ ಬಲತುದಿಯಲ್ಲಿ ಎತ್ತರ ಎನ್ ಸ್ಕ್ವೇರ್, ಗುಣಿಸಿದ್ರೆ ಎನ್. ಆ ಒಂದು ಪಟ್ಟಿನೇ ಎನ್ ಅಷ್ಟು ಏರಿಯಾ ತಿಂತು, ಉಳಿದಿದ್ದು ಬೇರೆ. ಸೊ ಈ ಇಂಟಿಗ್ರಲ್‌ಗೆ ಬೆಲೆನೇ ಇಲ್ಲ, ಇನ್ಫಿನಿಟಿಗೆ ಹೋಗತ್ತೆ. ಮೈನಸ್ 2 ಯಾವುದರ ಏರಿಯಾನೂ ಅಲ್ಲ.

ಹಾಗಾದ್ರೆ ಮೈನಸ್ 2 ಎಲ್ಲಿಂದ ಬಂತು? ಮೈನಸ್ 1 ಬೈ ಎಕ್ಸ್ ಗ್ರಾಫ್ ಬರೆದು ನೋಡಿ. ಎಡಗಡೆ ಮೈನಸ್ 1 ಹತ್ರ ಬೆಲೆ 1, ಅಲ್ಲಿಂದ 0 ಕಡೆ ಬರ್ತಾ ಬರ್ತಾ ಪ್ಲಸ್ ಇನ್ಫಿನಿಟಿಗೆ ಏರತ್ತೆ. 0 ದಾಟಿದ ತಕ್ಷಣ ಮೈನಸ್ ಇನ್ಫಿನಿಟಿ ಇಂದ ಶುರುವಾಗಿ ಮತ್ತೆ ಏರ್ತಾ ಬಂದು 1 ಹತ್ರ ಮೈನಸ್ 1 ಆಗತ್ತೆ. ಎರಡೂ ಕಡೆ ಏರ್ತಾನೇ ಇದೆ, ಆದ್ರೆ ನಡುವೆ ಮೇಲಿಂದ ಕೆಳಕ್ಕೆ ಒಂದು ದೊಡ್ಡ ಜಿಗಿತ ಇದೆ. ನೀವು ಎರಡು ತುದಿ ಮಾತ್ರ ನೋಡಿ ಕಳೆದಾಗ ಆ ಜಿಗಿತಾನೂ ಲೆಕ್ಕದ ಒಳಗೆ ಬಂದ್ಬಿಡತ್ತೆ. ಎಫ್ ಆಫ್ ಬಿ ಮೈನಸ್ ಎಫ್ ಆಫ್ ಎ ಅನ್ನೋದು ನಿಜ ಆಗ್ಬೇಕಂದ್ರೆ ದೊಡ್ಡ ಎಫ್ ಕೂಡ ಎ ಇಂದ ಬಿ ವರೆಗೆ ಒಂದೇ ಗೆರೆಯಾಗಿ, ಪೆನ್ ಎತ್ತದೇ ಬರೆಯೋ ಹಾಗಿರ್ಬೇಕು.

ಇನ್ನೊಂದು ಮಾತು, ಇಲ್ಲಿ ತುಂಬಾ ಜನ ಒಂದು ತೀರ್ಮಾನಕ್ಕೆ ಬಂದುಬಿಡ್ತಾರೆ, ಫಂಕ್ಷನ್ ಇನ್ಫಿನಿಟಿಗೆ ಹೋದ್ರೆ ಏರಿಯಾನೂ ಇನ್ಫಿನಿಟಿ ಅಂತ. ಹಾಗೇನಿಲ್ಲ. 1 ಬೈ ರೂಟ್ ಎಕ್ಸ್ ತಗೊಳ್ಳಿ, ಇದೂ 0 ಹತ್ರ ಆಕಾಶಕ್ಕೆ ಹೋಗತ್ತೆ. ಆದ್ರೆ 0.01 ಇಂದ 1 ರವರೆಗೆ ಏರಿಯಾ 1.8, 0.0001 ಇಂದ ಶುರು ಮಾಡಿದ್ರೆ 1.98, ಇನ್ನೂ ಹತ್ರ ಹೋದ್ರೆ 2 ಕ್ಕೆ ಹೋಗಿ ನಿಲ್ಲತ್ತೆ. ಅದೇ ಎರಡು ಜಾಗದಿಂದ 1 ಬೈ ಎಕ್ಸ್ ಸ್ಕ್ವೇರ್ ಮಾಡಿ ನೋಡಿ, 99, ಆಮೇಲೆ 9999. ಎರಡೂ ಮೇಲಕ್ಕೆ ಹೋಗತ್ತೆ, ಆದ್ರೆ ಒಂದು ಎಷ್ಟು ಬೇಗ ತೆಳ್ಳಗಾಗತ್ತೆ ಅಂದ್ರೆ ಒಳಗಿನ ಜಾಗ ಲೆಕ್ಕಕ್ಕೆ ಸಿಗತ್ತೆ, ಇನ್ನೊಂದು ಸಿಗಲ್ಲ. ಇವನ್ನ ಇಂಪ್ರಾಪರ್ ಇಂಟಿಗ್ರಲ್ ಅಂತಾರೆ, ಪಿಯು ಸಿಲಬಸ್‌ನಲ್ಲಿ ಹೆಸರಿಟ್ಟು ಪಾಠ ಇಲ್ಲ, ಮುಂದೆ ಡಿಗ್ರಿಯಲ್ಲಿ ಬರತ್ತೆ. ನನಗೆ ಇಂಟಿಗ್ರೇಷನ್‌ನಲ್ಲಿ ತುಂಬಾ ಇಷ್ಟ ಆಗೋ ಜಾಗ ಇದೇನೆ.

ಹಾಸನದ_ಹುಡುಗಿ_ಪಿಸಿಎಂಬಿ:

ಮಾಸ್ತರ್‌ಗೂ ಮೈಸೂರಿನ ಅಣ್ಣಂಗೂ ತುಂಬಾ ಥ್ಯಾಂಕ್ಸ್. ಆ ತೆಳು ಪಟ್ಟಿ ಎಚ್ ಅಗಲದ್ದು, ಅದನ್ನ ಓದಿ ಚಿತ್ರ ಬರೆದು ನೋಡ್ದೆ, ಸ್ಲೋಪ್ ಎಲ್ಲಿಂದ ಬರತ್ತೆ ಅಂತ ಈಗ ಕಾಣ್ತಿದೆ.

ಇದರಿಂದ ಇನ್ನೊಂದು ಹುಟ್ಕೊಂಡಿದೆ. 1 ಬೈ ಎಕ್ಸ್ ಆಡ್ ಫಂಕ್ಷನ್. ಮೈನಸ್ ಎ ಇಂದ ಎ ವರೆಗೆ ಆಡ್ ಫಂಕ್ಷನ್ ಆದ್ರೆ ಉತ್ತರ ಸೊನ್ನೆ ಅಂತ ಪ್ರಾಪರ್ಟಿ ಇದೆಯಲ್ಲಾ. ಹಾಗಾದ್ರೆ 1 ಬೈ ಎಕ್ಸ್‌ನ ಮೈನಸ್ 1 ಇಂದ 1 ರವರೆಗೆ ಸೊನ್ನೆ ಅನ್ಬಹುದಾ? ಎಡಗಡೆ ಎಷ್ಟು ಕೆಳಗೋ ಬಲಗಡೆ ಅಷ್ಟೇ ಮೇಲೆ, ಹೊಡೆದು ಹೋಗ್ಬೇಕಲ್ವಾ? ಮತ್ತೆ ಪ್ರಾಪರ್ಟಿ ಪ್ರೂವ್ ಮಾಡಿ ಅಂತ 6 ಮಾರ್ಕ್ಸ್‌ಗೆ ಬರತ್ತಲ್ಲ, ಅದರಲ್ಲಿ ಎಫ್ ಆಫ್ ಎ ಮೈನಸ್ ಎಕ್ಸ್ ಬಂದಾಗ ನಿಜವಾಗ್ಲೂ ಏನಾಗ್ತಿದೆ ಅಂತಾನೂ ಯಾರಾದ್ರೂ ಹೇಳಿ.

ಶಿವಮೊಗ್ಗ_ಮೇಡಂ:

ಪುಟ್ಟಿ, ಹೊಡೆದು ಹೋಗ್ಬೇಕು ಅನ್ನೋದು ಯಾರಿಗಾದ್ರೂ ಅನ್ಸತ್ತೆ, ಆದ್ರೆ ಎಡಗಡೆ ಮೈನಸ್ ಇನ್ಫಿನಿಟಿ, ಬಲಗಡೆ ಪ್ಲಸ್ ಇನ್ಫಿನಿಟಿ, ಇವೆರಡನ್ನ ಕಳೆಯೋದು ಸಂಖ್ಯೆ ಕಳೆದ ಹಾಗಲ್ಲ. ಒಂದು ಲೆಕ್ಕ ಮಾಡಿ ನೋಡು. 0 ಸುತ್ತ ಸ್ವಲ್ಪ ಜಾಗ ಬಿಟ್ಟು ಇಂಟಿಗ್ರೇಟ್ ಮಾಡೋಣ. ಎಡಗಡೆ 0.001 ಬಿಡು, ಬಲಗಡೆ 0.002 ಬಿಡು. ಎಡಗಡೆ ಇಂಟಿಗ್ರಲ್ ಲಾಗ್ 0.001, ಬಲಗಡೆದು ಮೈನಸ್ ಲಾಗ್ 0.002, ಕೂಡಿಸಿದ್ರೆ ಮೈನಸ್ ಲಾಗ್ 2, ಸುಮಾರು ಮೈನಸ್ 0.693. ಬಿಟ್ಟ ಜಾಗಗಳನ್ನ ಎಷ್ಟು ಸಣ್ಣ ಮಾಡಿದ್ರೂ, ಬಲಗಡೆ ಎರಡರಷ್ಟು ಬಿಡ್ತಾ ಹೋದ್ರೆ ಅದೇ ಮೈನಸ್ 0.693 ಬರತ್ತೆ. ಮೂರರಷ್ಟು ಬಿಟ್ರೆ ಮೈನಸ್ ಲಾಗ್ 3. ಎರಡೂ ಕಡೆ ಸಮ ಬಿಟ್ರೆ ಮಾತ್ರ ಸೊನ್ನೆ. ನೀನು ಹೇಗೆ ಕತ್ತರಿಸ್ತೀಯೋ ಅದರ ಮೇಲೆ ಉತ್ತರ ಬದಲಾಗತ್ತೆ ಅಂದ್ರೆ ಉತ್ತರ ಇಲ್ಲ ಅಂತ ಅರ್ಥ. ಪುಸ್ತಕದಲ್ಲಿ ಪ್ರಾಪರ್ಟಿಗಳೆಲ್ಲ ಇಂಟಿಗ್ರಲ್ ಇದೆ ಅಂತ ಮೊದಲೇ ಒಪ್ಕೊಂಡು ಬರೆದಿರೋದು. ಸೈನ್ ಪವರ್ 7 ಎಕ್ಸ್‌ನ ಮೈನಸ್ ಪೈ ಬೈ 2 ಇಂದ ಪೈ ಬೈ 2 ರವರೆಗೆ ಕೊಟ್ರೆ ಧೈರ್ಯವಾಗಿ ಸೊನ್ನೆ ಬರಿ, ಅದು ಎಲ್ಲೂ ಹರಿಯಲ್ಲ.

ಎಫ್ ಆಫ್ ಎ ಮೈನಸ್ ಎಕ್ಸ್ ವಿಷಯ. ಪಾರ್ಟ್ ಇ ಅಲ್ಲಿ ಬರೋ ಪ್ರೂಫ್ ಮೂರ್ನಾಲ್ಕು ಲೈನ್: ಟಿ ಈಕ್ವಲ್ಸ್ ಎ ಮೈನಸ್ ಎಕ್ಸ್ ಹಾಕು, ಡಿಟಿ ಮೈನಸ್ ಡಿಎಕ್ಸ್, ಲಿಮಿಟ್ ತಿರುಗತ್ತೆ, ಆ ಮೈನಸ್‌ನಿಂದ ಮತ್ತೆ ಸರಿಹೋಗತ್ತೆ. ಮಕ್ಕಳು ಇದನ್ನ ಬರೀತಾರೆ, ಮಾರ್ಕ್ಸ್ ತಗೋತಾರೆ, ಚಿತ್ರ ಕೇಳಿದ್ರೆ ಸುಮ್ಮನಾಗ್ತಾರೆ. ಚಿತ್ರ ತುಂಬಾ ಸುಲಭ. 0 ಇಂದ ಎ ವರೆಗಿನ ಗ್ರಾಫ್‌ನ ಎಡಬಲ ತಿರುಗಿಸಿ ಇಟ್ರೆ ಅದೇ ಎಫ್ ಆಫ್ ಎ ಮೈನಸ್ ಎಕ್ಸ್. ಕಾಗದ ಮಗುಚಿ ಇಟ್ಟ ಮಾತ್ರಕ್ಕೆ ಏರಿಯಾ ಬದಲಾಗತ್ತಾ? ಪಟ್ಟಿಗಳು ಅವೇ, ಕೂಡಿಸೋ ಕ್ರಮ ಮಾತ್ರ ಬಲದಿಂದ ಎಡಕ್ಕೆ ಆಯ್ತು.

ಇದರ ಉಪಯೋಗ ಎಲ್ಲಿ ಅಂದ್ರೆ, ರೂಟ್ ಸೈನ್ ಎಕ್ಸ್ ಬೈ ರೂಟ್ ಸೈನ್ ಎಕ್ಸ್ ಪ್ಲಸ್ ರೂಟ್ ಕಾಸ್ ಎಕ್ಸ್, 0 ಇಂದ ಪೈ ಬೈ 2. ಇದರ ಆಂಟಿಡೆರಿವೇಟಿವ್ ಹುಡುಕ್ತಾ ಕೂತ್ರೆ ಎಕ್ಸಾಂ ಟೈಮ್ ಮುಗಿಯತ್ತೆ. ಆದ್ರೆ ತಿರುಗಿಸಿದ ಗ್ರಾಫ್‌ನ ಇದಕ್ಕೆ ಕೂಡಿಸಿದ್ರೆ ಪ್ರತಿ ಜಾಗದಲ್ಲೂ ಎತ್ತರ ಸರಿಯಾಗಿ 1. ಅಂದ್ರೆ ಎರಡು ಸೇರಿ ಅಗಲ ಪೈ ಬೈ 2, ಎತ್ತರ 1 ಇರೋ ಒಂದು ಆಯತ. ಎರಡೂ ಸಮ, ಹಾಗಾಗಿ ಒಂದೊಂದು ಪೈ ಬೈ 4. ಇಲ್ಲಿ ಕರ್ವ್ ಆಯತಾನ ಸರಿಯಾಗಿ ಅರ್ಧ ಮಾಡ್ತಿದೆ ಅಷ್ಟೇ, ರೂಟ್ ಇರಲಿ ಕ್ಯೂಬ್ ಇರಲಿ ಉತ್ತರ ಪೈ ಬೈ 4 ಯಾಕೆ ಅಂತಾನೂ ಇದ್ರಲ್ಲೇ ತಿಳಿಯತ್ತೆ. ಲಾಗ್ ಆಫ್ 1 ಪ್ಲಸ್ ಟ್ಯಾನ್ ಎಕ್ಸ್, 0 ಇಂದ ಪೈ ಬೈ 4, ಅದೂ ಹೀಗೇ. ತಿರುಗಿಸಿ ಕೂಡಿಸಿದ್ರೆ ಎತ್ತರ ಎಲ್ಲಾ ಕಡೆ ಲಾಗ್ 2, ಹಾಗಾಗಿ ಪೈ ಬೈ 8 ಇಂಟು ಲಾಗ್ 2.

ಈಗ ಸಬ್‌ಸ್ಟಿಟ್ಯೂಷನ್ ಬಗ್ಗೆ ಒಂದು ಎಚ್ಚರಿಕೆ ಹೇಳ್ಲೇಬೇಕು, ಇದು 1 ಬೈ ಎಕ್ಸ್ ಸ್ಕ್ವೇರ್‌ನ ತಮ್ಮನ ಹಾಗೇ ಇದೆ. ಮಾಮೂಲಿ ಲೆಕ್ಕದಲ್ಲಿ ತೊಂದರೆ ಇಲ್ಲ: 5 ಎಕ್ಸ್ ಪವರ್ 4 ಇಂಟು ರೂಟ್ ಆಫ್ ಎಕ್ಸ್ ಪವರ್ 5 ಪ್ಲಸ್ 1, ಮೈನಸ್ 1 ಇಂದ 1. ಎಕ್ಸ್ ಪವರ್ 5 ಪ್ಲಸ್ 1 ನ ಟಿ ಅನ್ನು, ಲಿಮಿಟ್ 0 ಇಂದ 2 ಆಗತ್ತೆ, ಉತ್ತರ 4 ರೂಟ್ 2 ಬೈ 3. ಟಿ ಬಂದ್ಮೇಲೆ ಎಕ್ಸ್‌ನ ಲಿಮಿಟ್‌ಗಳಿಗೆ ಕೆಲಸ ಇಲ್ಲ, ವಾಪಸ್ ಹೋಗೋದೂ ಬೇಡ.

ಆದ್ರೆ ಇದನ್ನ ಮಾಡು: 1 ಬೈ 1 ಪ್ಲಸ್ ಸೈನ್ ಸ್ಕ್ವೇರ್ ಎಕ್ಸ್, 0 ಇಂದ ಪೈ. ಮೇಲೆ ಕೆಳಗೆ ಕಾಸ್ ಸ್ಕ್ವೇರ್ ಇಂದ ಭಾಗಿಸಿ ಟ್ಯಾನ್ ಎಕ್ಸ್‌ನ ಟಿ ಅಂದ್ರೆ 1 ಬೈ 1 ಪ್ಲಸ್ 2 ಟಿ ಸ್ಕ್ವೇರ್ ಬರತ್ತೆ, ಚೆಂದ. ಲಿಮಿಟ್? ಟ್ಯಾನ್ 0 ಸೊನ್ನೆ, ಟ್ಯಾನ್ ಪೈ ಸೊನ್ನೆ. ಸೊನ್ನೆ ಇಂದ ಸೊನ್ನೆ ವರೆಗೆ ಅಂದ್ರೆ ಉತ್ತರ ಸೊನ್ನೆ! ಕೊಟ್ಟ ಫಂಕ್ಷನ್ ಎಲ್ಲೂ ಹರಿದಿಲ್ಲ, ಹರಿದಿರೋದು ನಾವು ತಂದ ಟ್ಯಾನ್, ಪೈ ಬೈ 2 ಹತ್ರ. ಉತ್ತರ ಸೊನ್ನೆ ಆಗಕ್ಕೆ ಸಾಧ್ಯಾನೇ ಇಲ್ಲ ಅಂತ ಮೊದಲೇ ಗೊತ್ತಾಗ್ಬೇಕಿತ್ತು, ಯಾಕಂದ್ರೆ ಸೈನ್ ಸ್ಕ್ವೇರ್ 0 ಇಂದ 1 ರ ಒಳಗೆ, ಹಾಗಾಗಿ ಫಂಕ್ಷನ್ನಿನ ಎತ್ತರ ಯಾವಾಗ್ಲೂ ಅರ್ಧಕ್ಕೂ 1 ಕ್ಕೂ ನಡುವೆ. ಅಗಲ ಪೈ. ಅಂದ್ರೆ ಉತ್ತರ 1.57 ಕ್ಕಿಂತ ಕಮ್ಮಿ ಇರಕ್ಕಾಗಲ್ಲ, 3.14 ಕ್ಕಿಂತ ಜಾಸ್ತಿ ಇರಕ್ಕಾಗಲ್ಲ. ಅತಿ ಕಮ್ಮಿ ಎತ್ತರ ಇಂಟು ಅಗಲ, ಅತಿ ಹೆಚ್ಚು ಎತ್ತರ ಇಂಟು ಅಗಲ, ಇವೆರಡನ್ನ ಮನಸ್ಸಲ್ಲೇ ಹಾಕ್ಕೊಂಡು ಲೆಕ್ಕ ಶುರು ಮಾಡೋ ಅಭ್ಯಾಸ ಮಾಡ್ಕೋ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ನಾಲ್ಕು ಆಪ್ಷನ್‌ನಲ್ಲಿ ಒಂದೆರಡು ಇದ್ರಿಂದಲೇ ಹೊರಗೆ ಹೋಗೋದುಂಟು. ಈ ಲೆಕ್ಕದ ಸರಿಯಾದ ಉತ್ತರ ನಾನು ಹೇಳಲ್ಲ, ನೀನೇ ಮಾಡಿ ಇಲ್ಲಿ ಹಾಕು.

ಕಾಸರಗೋಡು_ಕನ್ನಡಿಗ:

ಮೇಡಂ ಹೇಳಿದ ಟಿ ಲೆಕ್ಕ ನೋಡುವಾಗ 1 ಬೈ 1 ಪ್ಲಸ್ ಎಕ್ಸ್ ಸ್ಕ್ವೇರ್ ನೆನಪಾಯ್ತು, ಅದನ್ನು ಹೇಳದೆ ಹೋಗಲಿಕ್ಕೆ ಮನಸ್ಸಿಲ್ಲ. 0 ಇಂದ 1 ರವರೆಗೆ ಅದರ ಇಂಟಿಗ್ರಲ್ ಪೈ ಬೈ 4, ಟ್ಯಾನ್ ಇನ್ವರ್ಸ್ ಹಾಕಿದ್ರೆ ಒಂದು ಲೈನ್. ಆದ್ರೆ ಕೇರಳದಲ್ಲಿ ಮಾಧವನ ಪರಂಪರೆಯವರು ಇದನ್ನು ಮೊತ್ತದಿಂದಲೇ ಮಾಡಿದ್ದರು. ಮಾಧವ 14ನೇ ಶತಮಾನದವ, ಆ ವಾದವನ್ನು ಹಂತ ಹಂತವಾಗಿ ಬಿಡಿಸಿ ಬರೆದದ್ದು ಜ್ಯೇಷ್ಠದೇವ, ಸುಮಾರು 1530ರ ಹೊತ್ತಿಗೆ, ಯುಕ್ತಿಭಾಷಾದಲ್ಲಿ, ಅದೂ ಮಲಯಾಳಂ ಗದ್ಯದಲ್ಲಿ. ನ್ಯೂಟನ್, ಲೈಬ್ನಿಜ್ ಇನ್ನೂ ಹುಟ್ಟಿರಲಿಲ್ಲ.

ಅವರು ವೃತ್ತಕ್ಕೆ ತಾಗಿದ ಗೆರೆಯನ್ನು ಸಮ ತುಂಡು ಮಾಡಿದ್ರು, ಒಂದೊಂದು ತುಂಡಿಗೆ ವೃತ್ತದ ಮೇಲೆ ಎಷ್ಟು ಕಂಸ ಸಿಗ್ತದೆ ಅಂತ ಲೆಕ್ಕ ಹಾಕಿದ್ರು, ಅದು ನಮ್ಮ ಭಾಷೆಯಲ್ಲಿ 1 ಬೈ 1 ಪ್ಲಸ್ ಎಕ್ಸ್ ಸ್ಕ್ವೇರ್ ಎತ್ತರದ ಪಟ್ಟಿಗಳನ್ನು ಕೂಡಿಸಿದ ಹಾಗೆ. ಆಮೇಲೆ ಅದನ್ನು 1 ಮೈನಸ್ ಎಕ್ಸ್ ಸ್ಕ್ವೇರ್ ಪ್ಲಸ್ ಎಕ್ಸ್ ಪವರ್ 4 ಅಂತ ಬಿಡಿಸಿ, ಪ್ರತಿ ಪವರ್‌ನ ಮೊತ್ತ ಬೇರೆ ಬೇರೆ ತೆಗೆದ್ರು. ಧಾರವಾಡದ ಮಾಸ್ತರು ಎಕ್ಸ್ ಸ್ಕ್ವೇರ್‌ಗೆ 1 ಬೈ 3 ತೆಗೆದರಲ್ಲ, ಹಾಗೆಯೇ ಪವರ್ 4 ಕ್ಕೆ 1 ಬೈ 5, ಪವರ್ 6 ಕ್ಕೆ 1 ಬೈ 7. ಕೊನೆಗೆ ಪೈ ಬೈ 4 ಅಂದ್ರೆ 1 ಮೈನಸ್ 1 ಬೈ 3 ಪ್ಲಸ್ 1 ಬೈ 5 ಮೈನಸ್ 1 ಬೈ 7, ಹೀಗೆ ಮುಂದೆ.

ಈ ಸರಣಿ ನಿಧಾನ, 10 ಪದ ಕೂಡಿಸಿದ್ರೂ 0.7605 ಮಾತ್ರ, ಬೇಕಾದ್ದು 0.7854. ಮಾಧವನ ಕಡೆಯವರು ಕೊನೆಗೆ ಸೇರಿಸುವ ತಿದ್ದುಪಡಿ ಪದಗಳನ್ನೂ ಕೊಟ್ಟಿದ್ದಾರೆ, ಅದು ಬೇರೆಯೇ ಸೊಗಸು. ನೇರ 10 ಪಟ್ಟಿ ಮಾಡಿ ಪ್ರತಿ ಪಟ್ಟಿಯ ಮಧ್ಯದ ಎತ್ತರ ಹಿಡಿದ್ರೆ 0.7856 ಬರ್ತದೆ, ಕ್ಯಾಲ್ಕುಲೇಟರ್ ಇದ್ರೆ ಮಾಡಿ ನೋಡಬಹುದು. ಶಾಲೆ ಪುಸ್ತಕದಲ್ಲಿ ಈ ಭಾಗಕ್ಕೆ ಎರಡು ಪುಟ ಆದ್ರೂ ಸಿಗಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸ್ತದೆ.

ಹಾಸನದ_ಹುಡುಗಿ_ಪಿಸಿಎಂಬಿ:

ಮೇಡಂ, ನಿಮ್ಮ ಲೆಕ್ಕ ಮಾಡಿದೆ, ನೋಡಿ ಹೇಳಿ. ಪೈ ಬೈ 2 ಹತ್ರ ಟ್ಯಾನ್ ಹರಿಯತ್ತೆ, ಸೊ ಅಲ್ಲೇ ಕಟ್ ಮಾಡ್ದೆ. ಸೈನ್ ಆಫ್ ಪೈ ಮೈನಸ್ ಎಕ್ಸ್ ಅಂದ್ರೆ ಸೈನ್ ಎಕ್ಸೇ, ಹಾಗಾಗಿ ಪೈ ಬೈ 2 ರ ಆ ಕಡೆ ಈ ಕಡೆ ಗ್ರಾಫ್ ಕನ್ನಡಿ ಹಿಡಿದ ಹಾಗೆ ಒಂದೇ, 0 ಇಂದ ಪೈ ಬೈ 2 ಮಾಡಿ ಎರಡರಿಂದ ಗುಣಿಸಿದ್ರೆ ಸಾಕು. ಆ ಅರ್ಧದಲ್ಲಿ ಟಿ 0 ಇಂದ ಇನ್ಫಿನಿಟಿವರೆಗೆ ಹೋಗತ್ತೆ. 1 ಬೈ ರೂಟ್ 2 ಇಂಟು ಟ್ಯಾನ್ ಇನ್ವರ್ಸ್ ಆಫ್ ರೂಟ್ 2 ಟಿ, ಲಿಮಿಟ್ ಹಾಕಿದ್ರೆ ಪೈ ಬೈ 2 ರೂಟ್ 2. ಎರಡರಿಂದ ಗುಣಿಸಿದ್ರೆ ಪೈ ಬೈ ರೂಟ್ 2, ಅಂದ್ರೆ ಸುಮಾರು 2.22. ನೀವು ಹೇಳಿದ 1.57 ಮತ್ತೆ 3.14 ರ ನಡುವೇನೇ ಇದೆ.

ಶಿವಮೊಗ್ಗ_ಮೇಡಂ:

ಪೂರ್ತಿ ಸರಿ ಇದೆ. ಎಕ್ಸಾಂನಲ್ಲಿ ಬರೆಯುವಾಗ ಆ ಕನ್ನಡಿ ಮಾತಿನ ಬದಲು ಎಫ್ ಆಫ್ 2ಎ ಮೈನಸ್ ಎಕ್ಸ್ ಈಕ್ವಲ್ಸ್ ಎಫ್ ಆಫ್ ಎಕ್ಸ್ ಅಂತ ಪ್ರಾಪರ್ಟಿ ಬರಿ, ಇಲ್ಲಿ ಎ ಪೈ ಬೈ 2. ಮತ್ತೆ ಎಕ್ಸ್ ಪೈ ಬೈ 2 ಕಡೆ ಹೋದಾಗ ಟಿ ಇನ್ಫಿನಿಟಿ ಕಡೆ ಹೋಗತ್ತೆ ಅಂತ ಒಂದು ಲೈನ್ ಸೇರಿಸು, ಸುಮ್ಮನೆ ಟ್ಯಾನ್ ಪೈ ಬೈ 2 ಈಕ್ವಲ್ಸ್ ಇನ್ಫಿನಿಟಿ ಅಂತ ಬರೀಬೇಡ. ಮುಂದೆ ಮಾಡುಲಸ್ ಆಫ್ ಎಕ್ಸ್ ಕ್ಯೂಬ್ ಮೈನಸ್ ಎಕ್ಸ್, ಮೈನಸ್ 1 ಇಂದ 2 ರವರೆಗೆ ಮಾಡು. 0 ಹತ್ರಾನೂ 1 ಹತ್ರಾನೂ ಕತ್ತರಿಸ್ಬೇಕು, ಉತ್ತರ 11 ಬೈ 4 ಬರಬೇಕು. 9 ಬೈ 4 ಬಂದ್ರೆ ಎಲ್ಲೋ ಮಾಡುಲಸ್ ಬಿಟ್ಟಿದೀಯ ಅಂತ.